ಕಡಲಿನ ಪಹಣಿ ಯಾರ ಬೀರುವಿನಲ್ಲಿದೆ?

ಮಾಲ್ಡೀವ್ಸ್‌ನವರು ದೋಣಿಗೆ ದೋನಿ ಅಂತಾರೆ. ಅಷ್ಟು ಕೇಳಿ, ಇವರು ನಮ್ಮವರೇ ಅಂತ ಹಿಗ್ಗಿ ಮುಂದೆ ಹೋದರೆ ‘ಗಿರಿ’ ಎದುರಾಗುತ್ತದೆ. ನಮಗೆ ಗಿರಿ ಅಂದರೆ ಕತ್ತೆತ್ತಿ ನೋಡುವಂಥದ್ದು. ಅವರಿಗೆ ಬಗ್ಗಿ ನೋಡುವಂಥದ್ದು. ಇನ್ನೇನು ನೀರಿನ ಮೇಲೆ ಬಂದೇಬಿಟ್ಟಿತು ಅನ್ನುವಷ್ಟು ಹತ್ತಿರದಲ್ಲಿ ಅಡಗಿ ಕೂತ ಹವಳದ ದಿಬ್ಬ ಅದು. ಇನ್ನೊಂದಿಷ್ಟು ಆಳದಲ್ಲಿದ್ದರೆ ಅದಕ್ಕೆ ‘ತಿಲ’ ಅಂತ ಹೆಸರು. ಎಳ್ಳಲ್ಲ, ಹಡಗಿನ ಹೊಟ್ಟೆ ಸೀಳುವ ಕಲ್ಲು.

ಸುಮಾರು 1,190 ದ್ವೀಪಗಳು. ಎಲ್ಲ ಕೂಡಿಸಿದರೂ ನೆಲ 300 ಚದರ ಕಿಲೋಮೀಟರ್ ಆಸುಪಾಸು. ಸುತ್ತಲೂ ಅದರ ಸಾವಿರಾರು ಪಟ್ಟು ಕಡಲು. ಇಂಥ ದೇಶದಲ್ಲಿ ರಸ್ತೆ ಅಂದರೆ ನೀರು, ರೋಡ್ ಹಂಪ್ ಅಂದರೆ ಗಿರಿ. ಹಾಗಾದರೆ ಎಲ್ಲಕ್ಕಿಂತ ಮೊದಲು ಬೇಕಾದ ಕಾಗದ ಯಾವುದು? ಕಡಲಿನ ಪಹಣಿ. ಎಲ್ಲಿ ಎಷ್ಟು ಆಳ, ಎಲ್ಲಿ ಕಲ್ಲು, ಎಲ್ಲಿ ಮರಳು ಅಂತ ಹೇಳುವ ನಕ್ಷೆ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಕೈಯಲ್ಲೇ ಇತ್ತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ರಾಬರ್ಟ್ ಮೋರ್ಸ್‌ಬಿ ಹಡಗು ಕಟ್ಟಿಕೊಂಡು ಅಲ್ಲಿಗೆ ಹೋದ. ಹಗ್ಗದ ತುದಿಗೆ ಸೀಸದ ಗುಂಡು, ಗುಂಡಿನ ತಳಕ್ಕೆ ಕೊಬ್ಬು. ಇಳಿಬಿಡು, ಎಳೆ, ಎಷ್ಟು ಮಾರು ಅಂತ ಎಣಿಸು. ಕೊಬ್ಬಿಗೆ ಅಂಟಿದ್ದು ಮರಳೋ ಹವಳವೋ ನೋಡಿ ಬರೆದುಕೋ. ಮತ್ತೆ ಇಳಿಬಿಡು. ಎರಡು ವರ್ಷ ಇದೇ ಕೆಲಸ. ಆದರೆ ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ, 1990ರ ದಶಕದವರೆಗೂ ಸ್ವತಃ ಮಾಲ್ಡೀವ್ಸ್‌ನ ನಾವಿಕರೇ ಆ ನಕ್ಷೆಗಳನ್ನು ನಂಬಿಕೊಂಡಿದ್ದರು. ಡಾರ್ವಿನ್ ಅಂತೂ ಆ ದ್ವೀಪಗಳ ಕಡೆ ತಲೆಯನ್ನೇ ಹಾಕದೆ, ಆ ನಕ್ಷೆ ನೋಡಿಕೊಂಡು 1842ರಲ್ಲಿ ಹವಳದ ದಿಬ್ಬ ಹೇಗೆ ಬೆಳೆಯುತ್ತದೆ ಅಂತ ಲೋಕಕ್ಕೆ ಪಾಠ ಹೇಳಿದ. ಪಾಠದಲ್ಲಿ ಬರುವ ‘ಅಟಾಲ್’ (ಬಳೆಯಂಥ ಹವಳದ ದ್ವೀಪಗಳ ಸುತ್ತು) ಅನ್ನುವ ಪದವೂ ಮಾಲ್ಡೀವ್ಸ್‌ನವರದೇ, ‘ಅತೊಳು’ವಿನಿಂದ ಬಂದದ್ದು. ಪದ ಅವರದು, ಹವಳ ಅವರದು, ನಕ್ಷೆ ಮಾತ್ರ ಲಂಡನ್ನಿನದು.

ನಕ್ಷೆ ಮಾಡುವವರು ಪ್ರಾಮಾಣಿಕರು, ಆ ಮಾತು ಹೇಳಲೇಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯುತ್ತಾರೆ. ನಕ್ಷೆಯಲ್ಲಿ ಕಲ್ಲಿನ ಪಕ್ಕ ‘ಪಿ.ಡಿ.’ ಅಂತಿದ್ದರೆ, ಕಲ್ಲು ಇಲ್ಲೇ ಇದೆ ಅಂತ ಆಣೆ ಮಾಡಲಾರೆವು ಅಂತ ಅರ್ಥ. ‘ಇ.ಡಿ.’ ಅಂತಿದ್ದರೆ ಕಲ್ಲು ಇದೆಯೋ ಇಲ್ಲವೋ ಅನ್ನುವುದೇ ಅನುಮಾನ. (ಇ.ಡಿ. ಹೆಸರು ಕೇಳಿ ಬೆವರುವವರು ಕಡಲ ಮೇಲೂ ಇದ್ದಾರೆ ಅಂತಾಯ್ತು.) ಈಗಿನ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಅಳತೆಯನ್ನು ಎಷ್ಟು ನಂಬಬಹುದು ಅಂತ ನಕ್ಷತ್ರಗಳಲ್ಲಿ ತೋರಿಸುತ್ತಾರೆ. ಉತ್ತಮ ಸರ್ವೆಗೆ ಆರು, ಕಳಪೆಗೆ ಎರಡು. ಸೀಸದ ಗುಂಡಿನ ಕಾಲದ ಅಳತೆಗೆ ಎರಡೋ ಮೂರೋ ಸಿಕ್ಕರೆ ಜಾಸ್ತಿ. ರೆಸಾರ್ಟ್‌ಗೆ ಐದು ನಕ್ಷತ್ರ, ಅದಕ್ಕೆ ಅಕ್ಕಿಬೇಳೆ ತರುವ ಹಡಗಿನ ದಾರಿಗೆ ಎರಡು! ಇದರ ಜೊತೆ ಇನ್ನೊಂದು ಮಜಾ. ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶಕ್ಕೂ ಜಿಪಿಎಸ್‌ಗೂ ಎಷ್ಟೋ ಕಡೆ ಹೊಂದುವುದಿಲ್ಲ. ಹಡಗು ಆಳದ ನೀರಿನಲ್ಲಿ ಸುಖವಾಗಿ ಹೋಗುತ್ತಿರುತ್ತದೆ. ನಕ್ಷೆಯಲ್ಲಿ ನೋಡಿದರೆ ತೆಂಗಿನ ತೋಟದೊಳಗೆ ನುಗ್ಗಿರುತ್ತದೆ.

ಸರಿ, ಹೊಸದಾಗಿ ಅಳೆಯೋಣ ಅಂತ 2019ರ ಜೂನ್‌ನಲ್ಲಿ ಭಾರತ ಮತ್ತು ಮಾಲ್ಡೀವ್ಸ್ ಒಪ್ಪಂದ ಮಾಡಿಕೊಂಡವು. 2021, 2022, 2023ರಲ್ಲಿ ಜಂಟಿ ಸರ್ವೆಯೂ ಆಯಿತು. ಭಾರತದ ಕಡಲ ನಕ್ಷೆಗಳ ಕಚೇರಿ ಇರುವುದು ಡೆಹ್ರಾಡೂನ್‌ನಲ್ಲಿ. ಹೌದು, ಹಿಮಾಲಯದ ತಪ್ಪಲಿನ ಅದೇ ಡೆಹ್ರಾಡೂನ್. ಅಲ್ಲಿನ ಕಿಟಕಿಯಿಂದ ಕಾಣುವ ಗಿರಿ ಕತ್ತೆತ್ತಿ ನೋಡುವ ಗಿರಿಯೇ.

ಅಷ್ಟರಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಸರ್ಕಾರ ಬದಲಾಯಿತು. ಒಪ್ಪಂದ ಮುಂದುವರಿಸುವುದಿಲ್ಲ, ನಮ್ಮ ಕಡಲಿನ ವಿವರ ನಮ್ಮಲ್ಲೇ ಇರಲಿ, ನಮ್ಮ ಪಡೆಯೇ ಅಳೆಯಲಿ ಅಂತ ಹೊಸ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಹೇಳಿತು. ನನ್ನನ್ನು ಕೇಳಿದರೆ ಮಾತು ಸರಿಯೇ. ನಮ್ಮ ಅಂಗಳವನ್ನು ನಾವೇ ಅಳೆಯುವುದಕ್ಕಿಂತ ಮರ್ಯಾದೆಯ ಕೆಲಸ ಯಾವುದಿದೆ? ಆದರೆ ಎರಡೇ ತಿಂಗಳಲ್ಲಿ ಚೀನಾದ ಸಂಶೋಧನಾ ಹಡಗು ಶಿಯಾಂಗ್ ಯಾಂಗ್ ಹಾಂಗ್ 03 ಮಾಲೆಗೆ ಬಂತು. ಸಂಶೋಧನೆಗೆ ಅಲ್ಲವಂತೆ. ಸಿಬ್ಬಂದಿ ಬದಲಾಯಿಸಲು, ಸಾಮಾನು ತುಂಬಿಕೊಳ್ಳಲು ಮಾತ್ರ ಅಂತ ಸರ್ಕಾರ ಮೊದಲೇ ಹೇಳಿತ್ತು. ನಂಬೋಣ. ಸರ್ವೆಯರ್ ಆದವನು ಟೇಪನ್ನು ಜೇಬಿನಲ್ಲೇ ಇಟ್ಟುಕೊಂಡು ಸುಮ್ನೆ ಕಾಫಿ ಕುಡಿದು ಹೋಗಬಾರದು ಅಂತೇನಿಲ್ಲವಲ್ಲ. ಇತ್ತ ನಮ್ಮ ಟಿ.ವಿ. ಪರಿಣತರಿಗೆ ಆ ಹಡಗು ಎಲ್ಲಿ ನಿಂತಿದೆ, ಎಲ್ಲಿ ತಿರುಗಿತು ಅನ್ನುವುದೇ ಚಿಂತೆ. 2024ರ ಜೂನ್‌ನಲ್ಲಿ ಒಪ್ಪಂದದ ಅವಧಿ ಮುಗಿಯಿತು. ಅಳೆಯುವವನು ಯಾರು ಅನ್ನುವ ಗಲಾಟೆಯಲ್ಲಿ ಗಿರಿ ಎಷ್ಟು ಮಾರು ಆಳದಲ್ಲಿದೆ ಅನ್ನುವ ಸಣ್ಣ ವಿಷಯ ಹಿಂದೆ ಬಿತ್ತು.

ನಿಯಮಗಳಿಗೇನೂ ಬರವಿಲ್ಲ. ಕರಾವಳಿ ಇರುವ ದೇಶ ತನ್ನ ಕಡಲನ್ನು ಅಳೆಸಬೇಕು, ನಕ್ಷೆ ತರಬೇಕು, ಅದನ್ನು ಆಗಾಗ ತಿದ್ದುತ್ತಿರಬೇಕು ಅಂತ ಸಮುದ್ರ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದ ‘ಸೋಲಾಸ್’ ಹೇಳುತ್ತದೆ. ಸರ್ವೆ ಹಡಗಿನ ಖರ್ಚು ಯಾರದ್ದು ಅನ್ನುವ ಸಾಲು ಅದರಲ್ಲಿಲ್ಲ. ಇದಕ್ಕಾಗಿ 1921ರಿಂದ ಮೊನಾಕೊದಲ್ಲಿ ಒಂದು ಜಾಗತಿಕ ಸಂಸ್ಥೆಯೂ ಇದೆ. ಕಡಲು ಅಳೆದು ನಕ್ಷೆ ಮಾಡುವ ಈ ವಿದ್ಯೆಗೆ ಹೈಡ್ರೋಗ್ರಫಿ ಅಂತ ಹೆಸರು. ವರ್ಷಕ್ಕೊಂದು ಹೈಡ್ರೋಗ್ರಫಿ ದಿನವೂ ಇದೆ, ಜೂನ್ 21. ಯೋಗ ದಿನವೂ ಅವತ್ತೇ. ಉಸಿರು ಬಿಗಿಹಿಡಿದು ಕೂರುವುದು ಎರಡಕ್ಕೂ ಬೇಕು ನೋಡಿ.

ಸ್ವಂತವಾಗಿ ಅಳೆಯುವುದೇನು ಸುಲಭವೇ? ಹಡಗು ಬೇಕು, ಶಬ್ದ ಕಳಿಸಿ ಆಳ ಲೆಕ್ಕ ಹಾಕುವ ಯಂತ್ರ ಬೇಕು, ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಬೇಕು. ಅಂಥವರು ತಯಾರಾಗಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಕಡಲೇ ಬದಲಾಗಿರುತ್ತದೆ. 1997ರಲ್ಲಿ ಮಾಲೆಯ ಪಕ್ಕ ಲಗೂನ್‌ಗೆ ಮರಳು ತುಂಬಿ ಹುಲ್ಹುಮಾಲೆ ಅನ್ನುವ ದ್ವೀಪ ಕಟ್ಟಲು ಶುರು ಮಾಡಿದವರು ಇನ್ನೂ ಬೇರೆ ಬೇರೆ ಕಡೆ ತುಂಬುತ್ತಲೇ ಇದ್ದಾರೆ. ನಕ್ಷೆಯ ಶಾಯಿ ಆರುವ ಮೊದಲೇ, ಆರು ಮಾರು ನೀರು ಅಂತ ಬರೆದ ಜಾಗದಲ್ಲಿ ಆರು ಅಂತಸ್ತಿನ ಫ್ಲಾಟ್ ನಿಂತರೆ ಪಾಪ ಸರ್ವೆಯರ್ ಏನು ಮಾಡಬೇಕು?

ಇಷ್ಟು ಗುಟ್ಟಿನ ಈ ತಳವನ್ನು ನೋಡಬೇಕು ಅಂತ ನಿಮಗೂ ಆಸೆಯಾದರೆ ಕಷ್ಟವೇನಿಲ್ಲ. ಯಾವುದಾದರೂ ರೆಸಾರ್ಟ್‌ನ ಡೈವಿಂಗ್ ಶಾಲೆಗೆ ಬೆಳಿಗ್ಗೆ ಹೋಗಿ ನಿಂತರೆ ಸಾಕು. ಚಡ್ಡಿ ಹಾಕಿದ ಹುಡುಗನೊಬ್ಬ ಬಿಳಿ ಹಲಗೆಯ ಮೇಲೆ ತಿಲದ ಚಿತ್ರ ಬರೆಯುತ್ತಾನೆ. ತಲೆ ಇಷ್ಟು ಮೀಟರ್‌ನಲ್ಲಿ, ಬುಡ ಅಷ್ಟು ಮೀಟರ್‌ನಲ್ಲಿ, ಸೆಳೆತ ಈ ಕಡೆಯಿಂದ, ಶಾರ್ಕ್ ಆ ಮೂಲೆಯಲ್ಲಿ. ಜಗತ್ತಿನ ಮೂಲೆ ಮೂಲೆಯಿಂದ ಬಂದವರು ಒಟ್ಟಿಗೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಆಮೇಲೆ ಅವನು ಡಸ್ಟರ್ ತಗೊಂಡು ಅಷ್ಟನ್ನೂ ಒರೆಸುತ್ತಾನೆ, ಮಧ್ಯಾಹ್ನದ ಬ್ಯಾಚಿಗೆ ಇನ್ನೊಂದು ತಿಲ ಬರೆಯಬೇಕಲ್ಲ.