ಅಮ್ಮ ನೋಡಿದ ಕ್ಯಾಪ್ರಿಕಾ

'ಕ್ಯಾಪ್ರಿಕಾ' ಅಂತ ಒಂದು ಅಮೆರಿಕದ ಸೀರಿಯಲ್ ಇತ್ತು. 2010ರಲ್ಲಿ ಶುರುವಾಗಿ ಅದೇ ವರ್ಷ ಕಣ್ಣುಮುಚ್ಚಿದ್ದು. ಅದರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು "ಅದು ಕಾಲಕ್ಕಿಂತ ಮುಂದಿತ್ತು ಗುರು" ಅಂದೇ ಅನ್ನುತ್ತಾರೆ. ಈಗ ಎಐ ಗಲಾಟೆ ಶುರುವಾದ ಮೇಲಂತೂ ಕೇಳಲೇಬೇಡಿ. ತೀರಿಕೊಂಡವರ ಮೆಸೇಜು, ಫೋಟೊ, ದನಿ ಎಲ್ಲ ತುಂಬಿಸಿ ಅವರ ಜೊತೆ ಚಾಟ್ ಮಾಡಿಸುವ ಆ್ಯಪ್‌ಗಳ ಸುದ್ದಿ ಬಂದರೆ ಸಾಕು, ಹಳೇ ಅಭಿಮಾನಿಗಳೆಲ್ಲ ಎದ್ದು ಕೂತು "ನೋಡಿದ್ರಾ, ನಾವು ಆವತ್ತೇ ಹೇಳಿದ್ವಿ" ಅನ್ನುತ್ತಾರೆ. ಆವತ್ತು ಇವರಲ್ಲಿ ಅರ್ಧ ಜನ ಅದನ್ನು ಬೈದು ಎದ್ದುಹೋದವರು. ನಾನೂ ಅವರಲ್ಲೊಬ್ಬ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನೋಡದವರಿಗೆ ಒಂದಿಷ್ಟು ಹಿನ್ನೆಲೆ. 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ಅಂತರಿಕ್ಷ ಯುದ್ಧದ ಸೀರಿಯಲ್ ನಮ್ಮಂಥವರಿಗೆ ಆಗ ದೇವರ ಸಮಾನ. ಮನುಷ್ಯರೇ ಮಾಡಿದ ಸೈಲಾನ್ ಎಂಬ ರೋಬೋಗಳು ತಿರುಗಿಬಿದ್ದು ಹನ್ನೆರಡು ಗ್ರಹಗಳನ್ನು ಸುಟ್ಟುಹಾಕುತ್ತವೆ. ಬದುಕುಳಿದ ಐವತ್ತು ಸಾವಿರ ಚಿಲ್ಲರೆ ಜನ ಹಡಗುಗಳಲ್ಲಿ ಓಡುತ್ತಾರೆ. 2009ರ ಮಾರ್ಚ್‌ನಲ್ಲಿ ಅದು ಮುಗಿಯಿತು. ಕೊನೆಯಲ್ಲಿ ಎಲ್ಲ ಗಂಟನ್ನೂ ದೇವರ ಕೈಗೆ ಕೊಟ್ಟು ಬಿಡಿಸಿದ್ದರಿಂದ ಅರ್ಧ ಜನಕ್ಕೆ ಕೆಂಡದಂಥ ಕೋಪ ಬಂದಿತ್ತು. ಆ ಕೋಪ ಆರುವ ಮೊದಲೇ, ಬರೋಬ್ಬರಿ ಒಂದು ತಿಂಗಳಿಗೆ, ಅದರ ಹಿಂದಿನ ಕಾಲದ ಕಥೆಯಾದ 'ಕ್ಯಾಪ್ರಿಕಾ'ದ ಮೊದಲ ಕಂತನ್ನು ಡಿವಿಡಿಯಲ್ಲಿ ಬಿಟ್ಟರು. ಟಿವಿಗೆ ಬರಲು 2010ರ ಜನವರಿ ಆಯಿತು. ಪೋಸ್ಟರ್‌ನಲ್ಲಿ ಬಟ್ಟೆಯಿಲ್ಲದ ಹದಿಹರೆಯದ ಹುಡುಗಿ, ಕೈಯಲ್ಲಿ ಕೆಂಪು ಸೇಬು. ಅದನ್ನು ನೋಡಿ ಒಳಗೇನಿದೆ ಅಂತ ಊಹಿಸಿದವನು ಬಹುಮಾನಕ್ಕೆ ಅರ್ಹ.

ಒಳಗಿದ್ದದ್ದು ಎರಡು ಮನೆಗಳ ಕಥೆ. ಮಹಾಪ್ರಳಯಕ್ಕೆ 58 ವರ್ಷ ಮುಂಚಿನ ಕ್ಯಾಪ್ರಿಕಾ ಎಂಬ ಗ್ರಹ. ಡೇನಿಯಲ್ ಗ್ರೇಸ್ಟೋನ್ ದೊಡ್ಡ ಕಂಪನಿಯ ಒಡೆಯ. ಜೋಸೆಫ್ ಆಡಮಾ ಬೇರೆ ಗ್ರಹದಿಂದ ಬಂದು ನೆಲೆಸಿದ ವಕೀಲ, ಇಲ್ಲಿಯವನಾಗಲಿಕ್ಕೆ ಹೆಸರನ್ನು 'ಆಡಮ್ಸ್' ಅಂತ ತಿದ್ದಿಕೊಂಡವನು. ಒಂದು ರೈಲಿನಲ್ಲಿ ಬಾಂಬ್ ಸಿಡಿಯುತ್ತದೆ. ಡೇನಿಯಲ್‌ನ ಮಗಳು ಜೋಯಿ ಸಾಯುತ್ತಾಳೆ. ಜೋಸೆಫ್‌ನ ಹೆಂಡತಿ, ಮಗಳು ಟಮಾರಾ ಇಬ್ಬರೂ ಸಾಯುತ್ತಾರೆ. ಆದರೆ ಜೋಯಿ ಸಾಯುವ ಮೊದಲೇ ತನ್ನದೊಂದು ಡಿಜಿಟಲ್ ಪ್ರತಿರೂಪ ಮಾಡಿ ವರ್ಚುವಲ್ ಲೋಕದಲ್ಲಿ ಬಚ್ಚಿಟ್ಟಿರುತ್ತಾಳೆ. ಮನುಷ್ಯನ ಮಿದುಳಿನಲ್ಲಿರುವ ಮಾಹಿತಿ ಹೆಚ್ಚೆಂದರೆ 300 ಮೆಗಾಬೈಟ್, ಮಿಕ್ಕದ್ದನ್ನು ಆಸ್ಪತ್ರೆ ದಾಖಲೆ, ಶಾಲೆಯ ಅಂಕ, ಹೋಟೆಲ್ ಬಿಲ್ಲು, ಸಿನಿಮಾ ಟಿಕೆಟ್ಟುಗಳಿಂದ ತುಂಬಿಸಬಹುದು ಅನ್ನುವುದು ಅಲ್ಲಿನ ಲೆಕ್ಕಾಚಾರ. ಅಪ್ಪ ಅದನ್ನು ಹುಡುಕಿ, ರೋಬೋ ಒಂದರೊಳಗೆ ಇಳಿಸಲು ಹೋಗುತ್ತಾನೆ. ಮೊತ್ತಮೊದಲ ಸೈಲಾನ್ ಹುಟ್ಟುವುದು ಹೀಗೆ.

ಈಗ ಹೇಳಿ, ಇದು ಯಾವ ಕಾಲಕ್ಕಿಂತ ಮುಂದೆ? 2010ರಲ್ಲಿ ನಾವೆಲ್ಲ ಇದೇ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಆಡುತ್ತ, ಇಲ್ಲದ ತೋಟದ ಬೆಳೆ ಕೊಯ್ಯಲು ರಾತ್ರಿ ಅಲಾರಂ ಇಟ್ಟು ಏಳುತ್ತಿದ್ದೆವು. ಕಂಪ್ಯೂಟರಿನೊಳಗೇ ಇನ್ನೊಂದು ಬದುಕು ನಡೆಸುವ ವರ್ಚುವಲ್ ಲೋಕ 'ಸೆಕೆಂಡ್ ಲೈಫ್' ಬಂದು ಏಳು ವರ್ಷವಾಗಿತ್ತು. ಸೀರಿಯಲ್ ಮಾತಾಡಿದ್ದು ಅವತ್ತಿನ ವಿಷಯವನ್ನೇ. ಮುಂದಿತ್ತು ಅನ್ನುವುದು ನಾವು ಎದ್ದುಹೋದದ್ದಕ್ಕೆ ಹಚ್ಚುವ ಸುಣ್ಣಬಣ್ಣ.

ನಾನು ಬಿಟ್ಟದ್ದು ನಾಲ್ಕನೇ ಕಂತಿಗೆ. "ಹಡಗೆಲ್ಲಿ? ಯುದ್ಧ ಎಲ್ಲಿ? ಇದೇನು ಬರೀ ಸಂಸಾರದ ಗೋಳು" ಅಂತ. ನನ್ನ ಟೀಮಿನವರೆಲ್ಲ ಹೆಚ್ಚುಕಡಿಮೆ ಇದನ್ನೇ ಅಂದರು. ಇನ್ನೊಬ್ಬನ ತಕರಾರು ಬೇರೆ: ಕೊನೆಗೆ ಇವರೆಲ್ಲ ಸುಟ್ಟು ಬೂದಿಯಾಗುತ್ತಾರೆ ಅಂತ ಗೊತ್ತಿರುವಾಗ ಇವರ ಮನೆ ಜಗಳ ಕಟ್ಟಿಕೊಂಡು ನಮಗೇನು? (ಮಹಾಭಾರತ ಗೊತ್ತಿದ್ದೂ ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವ ಊರಿನವನು ಈ ಮಾತು ಆಡಿದ್ದು ಅನ್ನುವುದು ಬೇರೆ ಮಾತು.)

ನಾನು ಪೂರ್ತಿ ನೋಡಿದ್ದು 2011ರಲ್ಲಿ, ಅದೂ ಅಮ್ಮನ ದೆಸೆಯಿಂದ. ಮಂಡಿನೋವಿಗೆ ತೋರಿಸಲು ಸಾಗರದಿಂದ ಬಂದವಳು ತಿಂಗಳೊಪ್ಪತ್ತು ಬೆಂಗಳೂರಿನಲ್ಲೇ ಉಳಿದಿದ್ದಳು. ಒಂದು ಸಂಜೆ ಕೇಬಲ್ ಕೈಕೊಟ್ಟಿತು. ಅವಳ ಸೀರಿಯಲ್ ಹೊತ್ತು. ಗೆಳೆಯ ಕೊಟ್ಟ ಹಾರ್ಡ್‌ಡಿಸ್ಕ್ ಟಿವಿಗೆ ಚುಚ್ಚಿದಾಗ ಮೇಲೇ ಕಂಡದ್ದು ಇದು. "ಇಂಗ್ಲಿಷ್ ಸೀರಿಯಲ್ಲು, ಬೇಕಾದ್ರೆ ನೋಡು, ನಾನು ಹೇಳ್ತಾ ಹೋಗ್ತೀನಿ" ಅಂದೆ. ಹತ್ತು ನಿಮಿಷದಲ್ಲಿ ನಿದ್ದೆ ಮಾಡುತ್ತಾಳೆ ಅನ್ನುವ ಲೆಕ್ಕದಲ್ಲಿ.

ನಿದ್ದೆ ಮಾಡಲಿಲ್ಲ. ಜೋಸೆಫ್ ಮೊದಲ ಸಲ ವರ್ಚುವಲ್ ಲೋಕಕ್ಕೆ ಹೋಗಿ ಡೇನಿಯಲ್ ಮಾಡಿಕೊಟ್ಟ ಮಗಳ ಪ್ರತಿರೂಪ ನೋಡುವ ಜಾಗ ಇದೆಯಲ್ಲ, ಅಲ್ಲಿ ಆ ಹುಡುಗಿ ಗಾಬರಿಬಿದ್ದು ತನ್ನ ಎದೆ ಬಡಿಯುತ್ತಿಲ್ಲ ಅನ್ನುತ್ತಾಳೆ. ನಾನು ಅನುವಾದ ಮಾಡುವ ಮೊದಲೇ ಅಮ್ಮ "ಅಯ್ಯೋ, ಅದಕ್ಕೆ ತಾನು ಸತ್ತಿದ್ದು ಗೊತ್ತಿಲ್ಲನಾ?" ಅಂದಳು. ಜೋಸೆಫ್ ಹೆದರಿ ಹಿಂದೆ ಸರಿದಾಗ "ಸರಿಯಾಗೇ ಮಾಡಿದ" ಅಂದಳು. ಡೇನಿಯಲ್ ಬಗ್ಗೆ ಅವಳಿಗೆ ಅಲ್ಲಿಂದಲೇ ಅಸಮಾಧಾನ. "ಅವಂಗೆ ಮಗಳು ಬೇಕಾಗಿಲ್ಲ, ತಾನು ಸೋತೆ ಅನ್ನಕ್ಕೆ ಮನಸ್ಸಿಲ್ಲ, ಅಷ್ಟೇಯ." ಇದನ್ನು ಕೇಳಿ ನಾನು ರಿಮೋಟ್ ಕೆಳಗಿಟ್ಟೆ.

ನನ್ನ ವಾದ ಇದು. 'ಕ್ಯಾಪ್ರಿಕಾ'ಕ್ಕೆ ಬಂದ ಪ್ರೇಕ್ಷಕರು ಯುದ್ಧ ನೋಡಲು ಬಂದವರು. ಅದು ಯಾರಿಗಾಗಿ ಬರೆದದ್ದೋ ಅವರು ಬರಲೇ ಇಲ್ಲ, ಯಾಕೆಂದರೆ ಹೆಸರಿನ ಹಿಂದೆ ಗ್ಯಾಲಕ್ಟಿಕಾದ ಬಾಲ ಇತ್ತು. ಹುಟ್ಟಿನಲ್ಲೇ ಈ ತೊಡಕಿದೆ. ರೆಮಿ ಓಬುಶಾನ್ ಎಂಬ ಬರಹಗಾರ ಕೃತಕ ಬುದ್ಧಿಯ ಬಗ್ಗೆ ಪ್ರತ್ಯೇಕವಾಗೇ ಒಂದು ಕಥೆ ಹಿಡಿದು ಸ್ಟುಡಿಯೋಗೆ ಹೋಗಿದ್ದ. ಗ್ಯಾಲಕ್ಟಿಕಾದ ನಿರ್ಮಾಪಕರಾದ ರೊನಾಲ್ಡ್ ಮೂರ್ ಮತ್ತು ಡೇವಿಡ್ ಐಕ್ ತಲೆಯಲ್ಲಿ ಹಿಂದಿನ ಕಾಲದ ಕಥೆಯೊಂದು ಸುತ್ತುತ್ತಿತ್ತು. ಸ್ಟುಡಿಯೋದವರು ಎರಡೂ ಕಡೆಯವರನ್ನು ಕೂರಿಸಿ ನಂಟು ಬೆಳೆಸಿದರು. 2006ರಲ್ಲಿ ಮೊದಲು ಘೋಷಣೆಯಾದಾಗ ಚಾನೆಲ್‌ನವರೇ ಇದನ್ನು ವೈಜ್ಞಾನಿಕ ಕಲ್ಪನೆಯ ಮೊದಲ ಕುಟುಂಬ ಧಾರಾವಾಹಿ ಅನ್ನುವ ಹಾಗೆ ಹೇಳಿಕೊಂಡಿದ್ದರು. ಅಂದರೆ ಗುಟ್ಟೇನೂ ಇರಲಿಲ್ಲ. ಆಮೇಲೆ ಅದನ್ನು ಮಾರಿದ್ದು ಮಾತ್ರ ಗ್ಯಾಲಕ್ಟಿಕಾ ಭಕ್ತರಿಗೆ. ದೋಸೆ ಹೋಟೆಲಿನ ಬೋರ್ಡು ಹಾಕಿ ಒಳಗೆ ಪಾಯಸ ಬಡಿಸಿದ ಹಾಗೆ. ಪಾಯಸ ಚೆನ್ನಾಗಿದ್ದರೂ ದೋಸೆಗೆ ಬಂದವನು ಬೈಯದೆ ಬಿಡುತ್ತಾನೆಯೇ?

ಜೋಯಿ ಬಗ್ಗೆ ಹೇಳಲೇಬೇಕು. "ಆ ಸಿಡುಕು ಹುಡುಗಿಯನ್ನು ಸಹಿಸಕ್ಕಾಗಲ್ಲ" ಅನ್ನುವುದು ಅವತ್ತಿನ ದೊಡ್ಡ ದೂರು. ಆದರೆ ರೋಬೋ ಒಳಗೆ ಅವಳಿರುವುದನ್ನು ತೋರಿಸಿದ ಬಗೆ ನೋಡಿ. ಒಂದು ಶಾಟ್‌ನಲ್ಲಿ ಕಬ್ಬಿಣದ ದೈತ್ಯ ನಿಂತಿರುತ್ತದೆ, ಮುಂದಿನ ಶಾಟ್‌ನಲ್ಲಿ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಜೋಯಿ ಪಾತ್ರದ ಅಲೆಸಾಂಡ್ರಾ ಟೊರೆಸಾನಿ ನಿಂತಿರುತ್ತಾಳೆ. ಲ್ಯಾಬಿನವರಿಗೆ ಕಾಣುವುದು ಯಂತ್ರ, ನಮಗೆ ಕಾಣುವುದು ಹುಡುಗಿ. ಐದನೇ ಕಂತಿನಲ್ಲಿ ಡೇನಿಯಲ್ ಕಂಪನಿಯ ಬೋರ್ಡಿನ ಮುಂದೆ ಅದನ್ನು ನಿಲ್ಲಿಸಿ, ಸಂಬಳ ಕೇಳದ, ಹಕ್ಕು ಕೇಳದ ಆಳು ಇದು ಅಂತ ಬಣ್ಣಿಸಿ, ನಿನ್ನ ಕೈ ಕಿತ್ತುಹಾಕು ಅನ್ನುತ್ತಾನೆ. ಅದು ಕಿತ್ತುಹಾಕುತ್ತದೆ. ಒಳಗಿರುವುದು ಮಗಳು ಅಂತ ಅವನಿಗೆ ಗೊತ್ತಿಲ್ಲ, ಇಳಿಸುವ ಪ್ರಯತ್ನ ಸೋತಿತು ಅಂತಲೇ ಅಂದುಕೊಂಡಿದ್ದಾನೆ. ಅಮ್ಮ "ಕರ್ಮ" ಅಂದು ಮುಖ ಆ ಕಡೆ ತಿರುಗಿಸಿದಳು. ನಾನು ಬಿಟ್ಟುಹೋದದ್ದರ ಮರುಕಂತು ಇದು! ಇನ್ನೊಂದೇ ಒಂದು ವಾರ ತಡೆದುಕೊಂಡಿದ್ದರೆ ಸಿಗುತ್ತಿತ್ತು.

ಆಮೇಲೆ ಎಂಟನೇ ಕಂತು. ಅಪ್ಪನಿಗೆ ಅನುಮಾನ ಬಂದಿದೆ, ಇವಳು ಒಳಗಿದ್ದಾಳೆ ಅಂತ. ಬಾಯಿಬಿಡಿಸಲು ಸುತ್ತ ಬೆಂಕಿ ಹಚ್ಚುತ್ತಾನೆ. ಕೊನೆಗೆ ಮನೆಯ ನಾಯಿಯನ್ನು ಎದುರಿಗೆ ತಂದು, ಕೈಗೆ ಬಂದೂಕು ಕೊಟ್ಟು, ಹೊಡಿ ಅನ್ನುತ್ತಾನೆ. ಅವಳು ಪ್ರೀತಿಯಿಂದ ಸಾಕಿದ ನಾಯಿ. ಹೊಡೆಯುತ್ತಾಳೆ. ಗುಂಡು ಹುಸಿ ಅಂತ ಅವಳಿಗೆ ಮೊದಲೇ ತಿಳಿದಿರುತ್ತದೆ. ಆ ದೃಶ್ಯಗಳಲ್ಲಿ ಒಬ್ಬ ಅಪ್ಪ, ಮಾತಾಡದ ಒಂದು ಯಂತ್ರ, ಅಷ್ಟೇ. ಡೇನಿಯಲ್ ಪಾತ್ರದ ಎರಿಕ್ ಸ್ಟೋಲ್ಟ್ಜ್ ಒಬ್ಬನೇ ಮಾತಾಡುತ್ತಾನೆ, ಅದೂ ಮೆಲ್ಲಗೆ. ಗ್ಯಾಲಕ್ಟಿಕಾದಲ್ಲಿ ನೂರು ಹಡಗು ಸಿಡಿದಾಗಲೂ ನನಗೆ ಅಷ್ಟು ದಿಗಿಲಾಗಿರಲಿಲ್ಲ. ಇದನ್ನು 'ನಿಧಾನ' ಅಂದವರಿಗೆ ನನ್ನ ಉತ್ತರ ಇಷ್ಟೇ: ನೀವು ಆ ಕಂತಿಗೆ ಬರುವ ಮೊದಲೇ ಹೋಗಿದ್ದಿರಿ.

ಹಾಗಂತ ಎಲ್ಲ ಚೆನ್ನಾಗಿತ್ತು ಅನ್ನಲಾರೆ. ಏಕದೇವನ ಹೆಸರಿನಲ್ಲಿ ಬಾಂಬ್ ಇಡುವ ಗುಂಪಿನ ಕಥೆ ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತೋ ಆ ಏಕದೇವನಿಗೇ ಗೊತ್ತು. ಲೇಸಿ ಎಂಬ ಜೋಯಿಯ ಗೆಳತಿಯನ್ನು ಇನ್ನೊಂದು ಗ್ರಹಕ್ಕೆ ಕಳಿಸಿ ಏನೇನೋ ತರಬೇತಿ ಕೊಟ್ಟರು. ಟಮಾರಾಳ ಪ್ರತಿರೂಪ ಸಿಕ್ಕಿಕೊಂಡ ವರ್ಚುವಲ್ ಆಟದ ನಗರ ನೋಡಲು ಚೆಂದ, ಆದರೆ ಅಲ್ಲಿಗೆ ಹೋದಾಗಲೆಲ್ಲ ಕಥೆಯ ಗಾಡಿ ಕೆಸರಿಗೆ ಬೀಳುತ್ತಿತ್ತು. ಅಮ್ಮ ಅಂಥ ಹೊತ್ತಲ್ಲಿ ಎದ್ದು ಅನ್ನಕ್ಕಿಡಲು ಹೋಗುತ್ತಿದ್ದಳು. ವಿಮರ್ಶೆ ಅಂದರೆ ಅದು.

ಅವಳು ಕದಲದೆ ಕೂರುತ್ತಿದ್ದದ್ದು ಅಮಾಂಡಾ ಬಂದಾಗ. ಪೋಲಾ ಮಾಲ್ಕಮ್‌ಸನ್ ಮಾಡಿದ, ಜೋಯಿಯ ತಾಯಿಯ ಪಾತ್ರ. ಸತ್ತವರ ನೆನಪಿನ ಸಭೆಯಲ್ಲಿ, ಸಾವಿರಾರು ಜನರೆದುರು, ನನ್ನ ಮಗಳೇ ಭಯೋತ್ಪಾದಕಿ ಅಂದುಬಿಡುತ್ತಾಳೆ. ನಾನು ಮೊದಲ ಸಲ ನೋಡಿದಾಗ ಇದು ಕಥೆ ಎಳೆಯುವ ತಂತ್ರ ಅಂದುಕೊಂಡಿದ್ದೆ. ಅಮ್ಮ ಮಾತ್ರ ಎರಡು ದಿನ ಅದನ್ನೇ ಹಿಡಿದು ಕೂತಳು. "ಮನಸಲ್ಲಿ ಇಟ್ಕಳಕ್ಕೆ ಆಗ್ಲಿಲ್ಲ ಅದಕ್ಕೆ. ಗಂಡನ ಹತ್ರ ಹೇಳಾಣ ಅಂದ್ರೆ ಅವ ಕೇಳವನಲ್ಲ." ತರಕಾರಿ ಹೆಚ್ಚುತ್ತ ಅಂದ ಮಾತು.

ಮತ್ತೆ ಚಾನೆಲ್ಲಿನ ಮಹಿಮೆ. ಮಾರ್ಚ್ 26ಕ್ಕೆ ಅಮಾಂಡಾಳನ್ನು ಸೇತುವೆಯ ಅಂಚಿಗೆ ತಂದು ನಿಲ್ಲಿಸಿ, ರೋಬೋ ಒಳಗಿನ ಮಗಳು ಓಡಿಸುವ ವ್ಯಾನನ್ನು ಪೊಲೀಸರ ಅಡ್ಡಗಟ್ಟಿಗೆ ಗುದ್ದಿಸಿ, ಆರು ತಿಂಗಳು ಬಾಗಿಲು ಹಾಕಿದರು. ಅಕ್ಟೋಬರ್ 5ಕ್ಕೆ ಮತ್ತೆ ತೆರೆದಾಗ ಶುಕ್ರವಾರ ಹೋಗಿ ಮಂಗಳವಾರ ಆಗಿತ್ತು. ಅದೇ ರಾತ್ರಿ 'ಸ್ಟಾರ್‌ಗೇಟ್ ಯೂನಿವರ್ಸ್' ಕೂಡ. ಅದೂ ಹಳೇ 'ಸ್ಟಾರ್‌ಗೇಟ್' ಸೀರಿಯಲ್ಲಿನಿಂದ ಹುಟ್ಟಿದ ಮರಿ, ಅದಕ್ಕೂ 'ಅಮ್ಮನ ಹಾಗಿಲ್ಲ' ಎಂಬ ಅದೇ ಬೈಗುಳ. ಎರಡೂ ಆ ವರ್ಷ ದಾಟಲಿಲ್ಲ ಅನ್ನಬಹುದು, ಸ್ಟಾರ್‌ಗೇಟ್‌ನ ರದ್ದತಿ ಡಿಸೆಂಬರಿನಲ್ಲಿ ಬಂತು. ಶುರುವಿನಲ್ಲಿ ಸುಮಾರು 16 ಲಕ್ಷ ಜನ ನೋಡಿದ್ದ 'ಕ್ಯಾಪ್ರಿಕಾ' ಅಷ್ಟೊತ್ತಿಗೆ 10 ಲಕ್ಷದ ಕೆಳಗಿಳಿದಿತ್ತು. ಅಕ್ಟೋಬರ್ 26ರ ಕಂತಿನಲ್ಲಿ ಡೇನಿಯಲ್, ಸತ್ತವರನ್ನು ಮರಳಿ ಕೊಡುವ ಸರಕನ್ನು ಮಾರುಕಟ್ಟೆಗೆ ಬಿಡಲು ಹೊರಟು, ಬಿಟ್ಟುಹೋದ ಹೆಂಡತಿಯ ನಕಲು ಮಾಡಿ, ಅದು ಅವಳ ಹಾಗೆ ಮಾತಾಡುತ್ತಿಲ್ಲ ಅಂತ ಅದರ ಮೇಲೆ ಕೂಗಾಡುತ್ತಾನೆ. ಮರುದಿನ ಸೀರಿಯಲ್ಲೇ ರದ್ದು. ಉಳಿದ ಐದು ಕಂತುಗಳನ್ನು 2011ರ ಜನವರಿ 4ರಂದು ಒಂದೇ ರಾತ್ರಿ ಸಾಲಾಗಿ ಹಾಕಿ ಕೈತೊಳೆದುಕೊಂಡರು. ಜೊತೆಗೆ, ರದ್ದಾಗುವ ಕೆಲವೇ ದಿನ ಮುಂಚೆ, ಹಡಗು-ಯುದ್ಧ ಎರಡೂ ಇರುವ ಇನ್ನೊಂದು ಗ್ಯಾಲಕ್ಟಿಕಾ ಮರಿಗೆ ಒಪ್ಪಿಗೆ ಕೊಟ್ಟಿದ್ದರು. 'ಬ್ಲಡ್ ಅಂಡ್ ಕ್ರೋಮ್'. ಅದು ಸೀರಿಯಲ್ ಆಗಲೇ ಇಲ್ಲ, 2012ರಲ್ಲಿ ತುಂಡುತುಂಡಾಗಿ ಯೂಟ್ಯೂಬ್‌ಗೆ ಬಂತು. ಕೇಳಿದ್ದು ಕೊಟ್ಟರೂ ನಾವು ನೋಡಲಿಲ್ಲ.

ಚಾನೆಲ್ಲನ್ನು ಬೈಯುವುದು ಸುಲಭ. ಆರು ತಿಂಗಳ ಬಿಡುವಿಗೆ ಮೊದಲೇ ಜನ ಜಾರುತ್ತಿದ್ದರು ಅನ್ನುವುದನ್ನು ಅಭಿಮಾನಿಗಳು ಜಾಣತನದಿಂದ ಮರೆಯುತ್ತಾರೆ.

ನಾವಿಬ್ಬರೂ 18 ಕಂತುಗಳನ್ನು ಹತ್ತು ಹನ್ನೊಂದು ದಿನದಲ್ಲಿ ಮುಗಿಸಿದೆವು. ಕೊನೆಕೊನೆಗೆ ಜೋಸೆಫ್‌ನ ಮಗ, ಪುಟ್ಟ ವಿಲಿ, ಗುಂಡು ತಗುಲಿ ಸಾಯುತ್ತಾನೆ. ಇವನೇ ದೊಡ್ಡವನಾಗಿ ಗ್ಯಾಲಕ್ಟಿಕಾದ ನಾಯಕ ಬಿಲ್ ಆಡಮಾ ಆಗುತ್ತಾನೆ ಅಂತ ಹದಿನೇಳು ಕಂತು ನಂಬಿದ್ದವರಿಗೆ ಸಿಟ್ಟು ಬರದೆ ಇರುತ್ತದೆಯೇ? ನನಗೂ ಬಂತು. ಆಮೇಲೆ ತೋರಿಸುತ್ತಾರೆ, ಜೋಸೆಫ್‌ಗೆ ಎರಡನೇ ಮದುವೆಯಲ್ಲಿ ಇನ್ನೊಂದು ಗಂಡುಮಗು, ತಮ್ಮ ಜನರ ಪದ್ಧತಿಯಂತೆ ಅದಕ್ಕೂ ತೀರಿಕೊಂಡ ಅಣ್ಣನ ಹೆಸರು. ಬಿಲ್ ಆಡಮಾ ಅಂದರೆ ಆ ಎರಡನೆಯವನು. "ಇದು ಮೋಸ, ಕೊನೇ ಗಳಿಗೇಲಿ ತಿರುಚಿದ್ರು" ಅಂತ ನಾನು ಹಾರಾಡಿದೆ.

ಅಮ್ಮನಿಗೆ ನನ್ನ ಸಿಟ್ಟು ಎಲ್ಲಿಂದ ಬಂತು ಅನ್ನುವುದೇ ತಿಳಿಯಲಿಲ್ಲ.

"ನಿನ್ ದೊಡ್ಡಮಾವನ ಹೆಸರು ಯಾರದ್ದು ಅಂದ್ಕಂಡಿದೀಯ? ಅವನಿಗಿಂತ ಮುಂಚೆ ಹುಟ್ಟಿ, ಮೂರು ವರ್ಷಕ್ಕೆ ಹೋದ ಮಗೂದು. ಅಜ್ಜಿ ಅದೇ ಹೆಸರು ಇಡ್ಬೇಕು ಅಂತ ಹಟ ಹಿಡಿದಿದ್ಲು."

ನನಗೆ ಇದು ಆವತ್ತೇ ಮೊದಲು ಗೊತ್ತಾದದ್ದು. ಹಾರ್ಡ್‌ಡಿಸ್ಕ್ ಕಿತ್ತು ಬ್ಯಾಗಿಗೆ ಹಾಕುತ್ತಿದ್ದೆ. ಅವಳು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ನಾಳೆಯಿಂದ ಏನು ಹಾಕ್ತೀಯ ಅಂತ ಕೇಳಿದಳು.