ಸ್ಕ್ಯಾಲಪ್‌ಗಳು ಸತ್ತವು, ಯೀಲ್ಡ್ ಏರಿತು

2018ರ ಜನವರಿಯಲ್ಲಿ ಚೀನಾದ ದೊಡ್ಡ ಕಂಪನಿಗಳ ಶೇರೂ ಇರುವ ಹಾಂಗ್‌ಕಾಂಗ್ ಪೇಟೆಯ ಹ್ಯಾಂಗ್ ಸೆಂಗ್ ಸೂಚ್ಯಂಕ 33,000 ದಾಟಿತ್ತು. 2022ರ ಅಕ್ಟೋಬರ್ ಕೊನೆಗೆ ಅದು 15,000ಕ್ಕಿಂತ ಕೆಳಗಿತ್ತು. ಈ ಇಳಿಜಾರಿನ ಒಂದೊಂದು ಮೆಟ್ಟಿಲ ಮೇಲೂ ಒಬ್ಬ ತಜ್ಞ ನಿಂತು 'ಚೀನಾ ಶೇರು ಅಗ್ಗ, ಬನ್ನಿ ಬನ್ನಿ' ಅಂತ ಕೂಗುತ್ತಿದ್ದ.

ಅವರ ಮುಖ್ಯ ಅಸ್ತ್ರ ಡಿವಿಡೆಂಡ್ ಯೀಲ್ಡ್. ನೂರು ಯುವಾನಿನ ಶೇರು ವರ್ಷಕ್ಕೆ ಐದು ಯುವಾನ್ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಟ್ಟರೆ ಯೀಲ್ಡ್ ಶೇ. 5. ಶೇರು ಐವತ್ತಕ್ಕೆ ಬಿದ್ದರೆ ಶೇ. 10. ಅಂದರೆ ನಿಮ್ಮ ಅರ್ಧ ದುಡ್ಡು ಮುಳುಗಿದ ದಿನವೇ ಯೀಲ್ಡ್ ಎರಡು ಪಟ್ಟು. ಅಭಿನಂದನೆಗಳು!

ಇನ್ನೊಂದು ಅಸ್ತ್ರ ಪಿಇ, ಅಂದರೆ ಶೇರಿನ ಬೆಲೆ ಅದರ ಪಾಲಿನ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ. ಅದಕ್ಕೆ ಲಾಭದ ಅಂಕಿ ಬೇಕು. ಆ ಅಂಕಿ ಹುಟ್ಟುವ ಬಗೆ ನೋಡಬೇಕಾದರೆ ಚೀನಾದ ದಾಲಿಯನ್ ನಗರದ ಬಳಿಯ ಝಾಂಗ್‌ಜಿದಾವ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಪನಿಯೊಂದು ಸಮುದ್ರದ ತಳದಲ್ಲಿ ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಸಾಕುತ್ತಿತ್ತು. 2014ರಲ್ಲಿ, ನೀರು ಜಾಸ್ತಿ ತಣ್ಣಗಾಗಿ ಅವು ಹೋದವು ಎಂದಿತು. 2018ರಲ್ಲಿ, ಮೇವಿಲ್ಲದೆ ಸೊರಗಿ ಸತ್ತವು ಎಂದಿತು. 2019ರಲ್ಲಿ ಮತ್ತೆ ಸತ್ತವು. ಪಾಪ, ಎಷ್ಟು ಸಲ ಅಂತ ಸಾಯುತ್ತವೆ? ಸಮುದ್ರದ ತಳದ ದಾಸ್ತಾನನ್ನು ಎಣಿಸುವವರಾದರೂ ಯಾರು? ಆಡಿಟರಿಗೆ ಈಜು ಬರಬೇಕು ಅಂತ ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ಕಡೆಗೆ ನಿಯಂತ್ರಕರು 'ಬೈದೋ' ಎಂಬ ಚೀನಾದ ಜಿಪಿಎಸ್ ಉಪಗ್ರಹಗಳ ಮಾಹಿತಿ ತರಿಸಿದರು. ಕಂಪನಿಯ ದೋಣಿಗಳು ಎಲ್ಲೆಲ್ಲಿ ಓಡಾಡಿದ್ದವು ಎಂದು ಹಿಡಿದರು. ಪುಸ್ತಕದ ಲೆಕ್ಕಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಲೆಕ್ಕಪುಸ್ತಕ ಓದಲು ಆಕಾಶದಿಂದ ನೋಡಬೇಕಾಯಿತು! 2020ರಲ್ಲಿ ಕಂಪನಿಗೆ ಬಿದ್ದ ದಂಡ 6 ಲಕ್ಷ ಯುವಾನ್. ಆಗಿನ ಲೆಕ್ಕದಲ್ಲಿ ಅರವತ್ತು ಲಕ್ಷ ರೂಪಾಯಿ ಚಿಲ್ಲರೆ. ಬೆಂಗಳೂರಿನ ಹೊರವಲಯದಲ್ಲಿ ಅಷ್ಟಕ್ಕೆ ಒಂದು ಫ್ಲ್ಯಾಟ್ ಸಿಗಬಹುದು. ಸಮುದ್ರ ಕಾಣಿಸುವುದಿಲ್ಲ, ಅಷ್ಟೇ.

ಚಿಪ್ಪು ಬೇಡ, ಕೈಯಲ್ಲಿ ನಗದು ಇರುವ ಕಂಪನಿ ಹುಡುಕೋಣ ಅಂತೀರಾ? ಕಾಂಗ್‌ಡೆ ಶಿನ್ ಎಂಬ ಚೀನಾ ಕಂಪನಿಯ ಲೆಕ್ಕಪುಸ್ತಕದಲ್ಲಿ 1,500 ಕೋಟಿ ಯುವಾನ್ ನಗದಿತ್ತು. 2019ರ ಜನವರಿಯಲ್ಲಿ 150 ಕೋಟಿಯ ಸಾಲ ತೀರಿಸಲು ಅದಕ್ಕೆ ಆಗಲಿಲ್ಲ. 1,220 ಕೋಟಿ ಬ್ಯಾಂಕ್ ಆಫ್ ಬೀಜಿಂಗ್‌ನಲ್ಲಿದೆ ಎಂದಿತು. ಬ್ಯಾಂಕಿನವರು ಖಾತೆ ನೋಡಿ ಹೇಳಿದರು: ಸೊನ್ನೆ.

ಲಾಭ ನಿಜವೇ ಇದ್ದರೂ ನೆಮ್ಮದಿಯಿಲ್ಲ. 2021ರ ಜುಲೈನಲ್ಲಿ ಸರ್ಕಾರ ಶಾಲಾಮಕ್ಕಳ ಟ್ಯೂಷನ್ ಕಂಪನಿಗಳಿಗೆ, ಶಾಲೆಯ ಪಾಠ ಹೇಳಿಕೊಟ್ಟು ಲಾಭ ಮಾಡಕೂಡದು ಎಂದಿತು. ಲಾಭವೇ ಅಪರಾಧವಾದ ಮೇಲೆ ಪಿಇ ಎಷ್ಟು ಅಂತ ಯಾವ ಟ್ಯೂಷನ್‌ನಲ್ಲಿ ಕೇಳುವುದು?

ಹಾಗಾಗಿ ತಜ್ಞರು ಆಮೇಲೆ ಸರ್ಕಾರಿ ಬ್ಯಾಂಕುಗಳಿಗೆ ಬಂದು ನಿಂತರು. 2023ರಲ್ಲಿ ಹಾಂಗ್‌ಕಾಂಗಿನಲ್ಲಿ ಅವು ಪುಸ್ತಕ ಬೆಲೆಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತದ) ಅರ್ಧಕ್ಕೂ ಕಡಿಮೆಗೆ ಸಿಗುತ್ತಿದ್ದವು, ಯೀಲ್ಡ್ ಶೇ. 8ರ ಆಸುಪಾಸು. ದೊಡ್ಡ ಪಾಲುದಾರ ಸರ್ಕಾರವೇ. ಅದಕ್ಕೂ ಖರ್ಚಿದೆ, ಡಿವಿಡೆಂಡ್ ಬಂದೇ ಬರುತ್ತದೆ. ಆದರೆ ಅದೇ ಸರ್ಕಾರ 2024ರ ಜನವರಿಯಲ್ಲಿ, ಬಿಲ್ಡರ್‌ಗಳ ಅರ್ಧಕ್ಕೆ ನಿಂತ ಯೋಜನೆಗಳ ಪಟ್ಟಿ ಮಾಡಿಸಿ, ಇವಕ್ಕೆ ಸಾಲ ಕೊಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಅದೇ ತಿಂಗಳು ಹಾಂಗ್‌ಕಾಂಗಿನ ಕೋರ್ಟು ಸಾಲದಲ್ಲಿ ಮುಳುಗಿದ್ದ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ ಮುಚ್ಚಲು ಆದೇಶಿಸಿತು. ಆಮೇಲೆ ಅದರ ಲಿಕ್ವಿಡೇಟರುಗಳು (ಮುಚ್ಚಿದ ಕಂಪನಿಯ ಆಸ್ತಿ ವಸೂಲು ಮಾಡುವವರು), ಹಳೆಯ ಡಿವಿಡೆಂಡ್ ಮತ್ತು ಸಂಬಳದ ಸುಮಾರು 600 ಕೋಟಿ ಡಾಲರ್ ವಾಪಸ್ ಕೊಡಿ ಅಂತ ಸ್ಥಾಪಕ ಮತ್ತು ಇತರರ ಬೆನ್ನು ಬಿದ್ದರು. ಡಿವಿಡೆಂಡಿಗೂ ರಿಟರ್ನ್ ಪಾಲಿಸಿ!

ಚೀನಾ ಶೇರಿನ ರಿಸ್ಕು ಚೀನಾದಿಂದಲೇ ಬರಬೇಕು ಅಂತೇನಿಲ್ಲ. ಚೀನಾ ಸೇನೆಯ ನಂಟಿರುವ ಕಂಪನಿಗಳಲ್ಲಿ ಅಮೆರಿಕನ್ನರು ದುಡ್ಡು ಹಾಕಕೂಡದು ಎಂಬ ಟ್ರಂಪ್ ಆದೇಶದ ನೆಪದಲ್ಲಿ ನ್ಯೂಯಾರ್ಕ್ ಶೇರುಪೇಟೆ 2020ರ ಕೊನೆಯ ದಿನ ಫೋನ್ ಕಂಪನಿ ಚೈನಾ ಮೊಬೈಲನ್ನು ತನ್ನ ಪಟ್ಟಿಯಿಂದ ತೆಗೆಯುತ್ತೇವೆ ಎಂದಿತು. ಜನವರಿ 4ಕ್ಕೆ, ಇಲ್ಲ ಇಲ್ಲ, ತೆಗೆಯಲ್ಲ ಎಂದಿತು. 6ಕ್ಕೆ, ಮತ್ತೆ ತೆಗೆಯುತ್ತೇವೆ ಎಂದಿತು. ಇಷ್ಟರ ನಡುವೆ ಚೈನಾ ಮೊಬೈಲ್ 2021ರಲ್ಲೂ ಸುಮ್ನೆ ಡಿವಿಡೆಂಡ್ ಕೊಟ್ಟಿತು, ಆದೇಶ ಪಾಲಿಸಿ ಮಾರಿದವರನ್ನು ಬಿಟ್ಟು ಉಳಿದವರಿಗೆಲ್ಲ.