ಆ ಪೈಪ್ ಇನ್ನೂ ಯಾಕಿದೆ?

ಅಮ್ಮ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರ್ಕೊಂಡಿದ್ದಳು. ಆಪರೇಶನ್ ಚೆನ್ನಾಗೇ ಆಯ್ತು, ಮೂರನೇ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆಯನ್ನೂ ಹಾಕಿದಳು. ಆರನೇ ದಿನ ಚಳಿ, ನಡುಕ, ಮೈ ಕಾದ ಕಾವಲಿ. ರಾತ್ರಿ ನನ್ನನ್ನ ಎಂದೋ ತೀರಿಹೋದ ಚಿಕ್ಕಮ್ಮನ ಹೆಸರಿಂದ ಕರೆದು, "ಎಮ್ಮೆ ಕಟ್ಟಿದ್ಯೇನೇ?" ಅಂದಳು. ಸ್ಟ್ರೋಕ್ ಆಯ್ತೇನೋ ಅಂತ ಜೀವ ಬಾಯಿಗೆ ಬಂತು. ಅಲ್ಲ, ಯೂರಿನ್ ಇನ್‌ಫೆಕ್ಷನ್. ವಯಸ್ಸಾದವರಿಗೆ ಸೋಂಕು ಏರಿದರೆ ಹೀಗೆ ಬುದ್ಧಿ ಮಂಕಾಗುತ್ತಂತೆ.

ಬಂದಿದ್ದು ಕ್ಯಾಥೆಟರ್‌ನಿಂದ, ನಾವೆಲ್ಲ ಯೂರಿನ್ ಪೈಪ್ ಅಂತೀವಲ್ಲ ಅದರಿಂದ. ಆಪರೇಶನ್‌ಗೆ ಅಂತ ಹಾಕಿದ್ದು, ನಡೆಯೋಕೆ ಶುರು ಮಾಡಿದ ಮೇಲೂ ಹಾಗೇ ಇತ್ತು. ಡ್ಯೂಟಿ ಡಾಕ್ಟರನ್ನ ಕೇಳಿದರೆ ಹೊದಿಕೆ ಸರಿಸಿ ನೋಡಿ, "ಓ, ಇನ್ನೂ ತೆಗ್ದಿಲ್ವಾ?" ಅಂದರು. ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಓದಿದೆ: ಅಮೆರಿಕದ 4 ಆಸ್ಪತ್ರೆಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ 28 ಸಲ ಡಾಕ್ಟರಿಗೆ ತಮ್ಮ ರೋಗಿಗೆ ಕ್ಯಾಥೆಟರ್ ಇರೋದೇ ಗೊತ್ತಿರಲಿಲ್ಲ. ಅಲ್ಲೂ ಅದೇ ಕಥೆ!

ಪೈಪ್ ಒಳಗಿದ್ದರೆ ದಿನಕ್ಕೆ ನೂರರಲ್ಲಿ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತೆ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಿಗೂ. ನೀರಿನ ತೊಟ್ಟಿಯ ಗೋಡೆಗೆ ಲೋಳೆ ಕಟ್ಟುತ್ತಲ್ಲ, ಹಾಗೆ ಪೈಪಿಗೂ ಕಟ್ಟುತ್ತೆ. ಅದರೊಳಗೆ ಅಡಗಿದವನ್ನ ಆ್ಯಂಟಿಬಯಾಟಿಕ್ ಸುಲಭಕ್ಕೆ ಮುಟ್ಟಲ್ಲ. ಹಾಗಂತ ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಕಂಡ ಕೂಡಲೇ ಕಾಯಿಲೆ ಅಂತಲೂ ಅಲ್ಲ. ಪೈಪ್ ಹಾಕಿದ್ದ ಪಕ್ಕದ ಬೆಡ್ಡಿನ ಅಜ್ಜನಿಗೆ ಜ್ವರ ಇಲ್ಲ, ನೋವಿಲ್ಲ, ಆದರೂ ಮೂತ್ರದಲ್ಲಿ ಪಸ್ ಸೆಲ್ಸ್, ಅಂದ್ರೆ ಕೀವಿನ ಕಣ, ಜಾಸ್ತಿ ಅಂತ ಮಗನೇ ಇಂಜೆಕ್ಷನ್‌ಗೆ ಹಟ ಹಿಡಿದಿದ್ದ. ಪೈಪ್ ಇದ್ದವರಲ್ಲಿ ಪಸ್ ಸೆಲ್ಸ್ ಕಾಣೋದು ಮಾಮೂಲಿ ಮಾರಾಯ್ರೇ.

ಇನ್ನೊಂದು ಕಣ್ಣಾರೆ ಕಂಡದ್ದು. ಎಕ್ಸ್‌ರೇಗೆ ಒಯ್ಯುವಾಗ ಅರ್ಧ ತುಂಬಿದ ಯೂರಿನ್ ಬ್ಯಾಗನ್ನ ಎತ್ತಿ ಅಮ್ಮನ ಹೊಟ್ಟೆ ಮೇಲಿಟ್ಟರು. ಪೈಪಿನಲ್ಲಿದ್ದ ಹಳದಿ ನೀರು ಮೆಲ್ಲಗೆ ಹಿಂದಕ್ಕೆ ಸರಿಯೋದು ನನಗೇ ಕಾಣ್ತಿತ್ತು. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೂ ತಾಗಬಾರದು ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಕೈಯಲ್ಲೇ ಹಿಡ್ಕೊಂಡು ಹೋಗ್ತಿದ್ದೆ.

ಮೂತ್ರ ಕಟ್ಟಿದವರಿಗೆ, ಐಸಿಯುನಲ್ಲಿ ಗಂಟೆಗಂಟೆಗೆ ಅಳೆಯಬೇಕಾದವರಿಗೆ, ದೊಡ್ಡ ಆಪರೇಶನ್ ಹೊತ್ತಿಗೆ ಪೈಪ್ ಬೇಕೇ ಬೇಕು. ನನ್ನ ತಕರಾರು ಬೇಕಿಲ್ಲದೆ ಉಳಿದುಬಿಡುವ ಪೈಪಿನ ಬಗ್ಗೆ. ಅದು ಉಳಿಯೋದು ಸುತ್ತಲಿನವರಿಗೆಲ್ಲ ಅನುಕೂಲ ಅಂತ. ಮೂವತ್ತು ರೋಗಿಗಳನ್ನ ನೋಡೋ ಸಿಸ್ಟರಿಗೆ ಬೆಡ್‌ಪ್ಯಾನ್ ಕೊಡೋ ಕೆಲಸ ಇಲ್ಲ. ನಿಜ ಹೇಳ್ಬೇಕಂದ್ರೆ, ನನಗೂ ಆರಾಮಿತ್ತು. ರಾತ್ರಿ ಎರಡಕ್ಕೆ ಏಳಬೇಕಾಗಿರಲಿಲ್ಲ. ಮೂರನೇ ದಿನ ಅಮ್ಮ "ಇದು ಚುಚ್ತದೆ, ತೆಗ್ಸೇ" ಅಂದಾಗ, "ಇರ್ಲಿ ಬಿಡಮ್ಮ, ಒಳ್ಳೇದೇ" ಅಂದವಳು ನಾನೇ.

ಏಳನೇ ದಿನ ತೆಗೆದರು. ಮಾರನೇ ರಾತ್ರಿ ಮೂರು ಸಲ ಎಬ್ಬಿಸಿದಳು. ಮೂರನೇ ಸಲ ಕಮೋಡ್ ಚೇರಿನ ಮೇಲೆ ಕೂತು, "ನಿದ್ದೆ ಕೆಡಿಸ್ದೆ ಅಲ್ವಾ?" ಅಂದಳು. ನನ್ನ ಹೆಸರು ಹಿಡಿದೇ ಕರೆದಿದ್ದಳು.